ಕಳ್ಳ ಕಿಟಕಿಯ ಭರವಸೆ

"ನಾನು ಎಲ್ಲಾ ಇನ್‌ಕಾಗ್ನಿಟೊದಲ್ಲೇ ನೋಡೋದಪ್ಪ, ನಮ್ಮ ಜಾತಕ ಯಾರ ಕೈಗೂ ಸಿಗಲ್ಲ" ಎಂದು ಈ ವಾರ ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದವರು ಕೊಚ್ಚಿಕೊಳ್ಳುತ್ತಿದ್ದರು. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿನಲ್ಲಿ ವಾದ ಯಾಕೆಂದು ಸುಮ್ಮನಾದೆ. ಬ್ರೌಸರಿನ ಆ ಕಪ್ಪು 'ಖಾಸಗಿ' ಕಿಟಕಿ ಮುಚ್ಚಿದೊಡನೆ ನೀವು ನೋಡಿದ ಪುಟಗಳ ಪಟ್ಟಿ, ಕುಕಿಗಳು ನಿಮ್ಮ ಕಂಪ್ಯೂಟರಿನಿಂದ ಅಳಿಯುತ್ತವೆ, ಅಷ್ಟೇ. ಉದ್ರಿ ಲೆಕ್ಕದಲ್ಲಿ ನಮ್ಮ ಕೈಲಿರುವ ಪುಸ್ತಕ ಹರಿದು ಹಾಕಿದಂತೆ. ಗಲ್ಲಾಪೆಟ್ಟಿಗೆಯ ಪಕ್ಕ ಅಂಗಡಿಯವರು ಇಟ್ಟುಕೊಂಡ ಪುಸ್ತಕ ಹಾಗೇ ಇರುತ್ತದೆ. ಇನ್‌ಕಾಗ್ನಿಟೊದಲ್ಲೂ ತಮ್ಮ ಓಡಾಟ ಬರೆದುಕೊಳ್ಳುತ್ತದೆಂದು ಅಮೆರಿಕದ ಬಳಕೆದಾರರು 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ರಾಜಿಯಾಗಿ, ಇಂಥ ಖಾಸಗಿ ಓಡಾಟದ ಶತಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು. ಇಲ್ಲದ್ದನ್ನು ಅಳಿಸುವುದು ಹೇಗೆ, ಹೇಳಿ! ಆದರೆ ನನ್ನ ತಕರಾರು ಬರೆದುಕೊಳ್ಳುವುದಕ್ಕಿಂತ ಅದನ್ನಿಟ್ಟುಕೊಂಡು ನಮಗೆ ಕಾಣುವುದನ್ನು ಜರಡಿ ಹಿಡಿಯುವುದರ ಬಗ್ಗೆ. 2009ರ ಡಿಸೆಂಬರಿನಲ್ಲೇ ಗೂಗಲ್, ಲಾಗಿನ್ ಆಗದವರಿಗೂ ಕುಕಿಯ ಮೂಲಕ ಹಿಂದಿನ 180 ದಿನಗಳ ಹುಡುಕಾಟ ನೋಡಿ ಫಲಿತಾಂಶ ಹೊಂದಿಸತೊಡಗಿತು. ಹೀಗೆ ಸೋಸಿದ್ದನ್ನಷ್ಟೇ ನೋಡುತ್ತ ನಾವು ಗುಳ್ಳೆಯೊಳಗೇ ಉಳಿದುಬಿಡುತ್ತೇವೆಂದು ಹೆದರಿದ ಲೇಖಕ ಎಲೈ ಪ್ಯಾರಿಸರ್ 2011ರ ತಮ್ಮ ಪುಸ್ತಕದಲ್ಲಿ ಇದನ್ನು 'ಫಿಲ್ಟರ್ ಬಬಲ್' ಎಂದರು. ಅವರ ಭಯ ತುಸು ಅತಿಯಾಯಿತೆನ್ನುವವರೂ ಇದ್ದಾರೆ, ಇರಲಿ. ಮಂಡಿನೋವು ಎಂದು ಟೈಪಿಸಿದ ಅಮ್ಮನಿಗೆ ವಾರಪೂರ್ತಿ ತೈಲದ ಜಾಹೀರಾತು ಬಂದರೆ ಕಣ್ಣಿಗಾದರೂ ಕಾಣುತ್ತದೆ, ಬೈದು ಮುಚ್ಚಬಹುದು. ಹುಡುಕಾಟದ ಮೂರನೇ ಪುಟಕ್ಕೆ ಸರಿದ ಸುದ್ದಿ ಕಾಣುವುದೇ ಇಲ್ಲವಲ್ಲ, ಬೈಯುವುದು ಯಾರನ್ನು? ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ ಎಂದು ಕಂಪನಿಯನ್ನು ಕೇಳಲು ಅವಕಾಶವಿದೆ. ಅದನ್ನು ನೋಡಿಕೊಂಡು ಯಾವ ಸುದ್ದಿಯನ್ನು ನನ್ನೆದುರಿನಿಂದ ಕೆಳಗಿಳಿಸಿದಿರಿ ಎಂದು ಕೇಳಲು ಅವಕಾಶವಿಲ್ಲ.