ಸೋಲಂಕಿಗೆ ಅಂಕ ಕೊಡುವ ಮುನ್ನ

ಗುಜರಾತ್ ಟೈಟನ್ಸ್ ಸೋತ ಮರುದಿನ ಅಹಮದಾಬಾದ್‌ನ ನಮ್ಮ ಆಫೀಸಿನಲ್ಲಿ ಚಹಾದ ಜತೆ ಒಂದೇ ಮಾತು: ತಂಡ ಕಟ್ಟಿದವರದೇ ತಪ್ಪು. ಗೆದ್ದಾಗ ಕ್ರಿಕೆಟ್ ನಿರ್ದೇಶಕ ವಿಕ್ರಮ್ ಸೋಲಂಕಿ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

2022ರಲ್ಲಿ ಮೊದಲ ಯತ್ನದಲ್ಲೇ ಕಪ್, 2023ರಲ್ಲಿ ಫೈನಲ್, 2024ರಲ್ಲಿ ಎಂಟನೇ ಸ್ಥಾನ. ಸೂರತ್‌ನಲ್ಲಿ ಹುಟ್ಟಿ ವಡೋದರಾದಲ್ಲಿ ಬೆಳೆದ ಹಾರ್ದಿಕ್ ಪಾಂಡ್ಯರನ್ನು ಮುಂಬೈಗೆ ಬಿಟ್ಟುಕೊಟ್ಟದ್ದೇ ಕುಸಿತಕ್ಕೆ ಕಾರಣ ಎನ್ನುವವರು ಇಲ್ಲಿ ಬಹಳ. ಆದರೆ ಹೊರಟು ನಿಂತ ನಾಯಕನನ್ನು ಕಟ್ಟಿಹಾಕಿ ಏನು ಪ್ರಯೋಜನ? ಆ ವರ್ಷ ಗಾಯದಿಂದಾಗಿ ಶಮಿಯೂ ಇರಲಿಲ್ಲ. ನನ್ನ ತಕರಾರು ಬೇರೆ: ಸ್ಪೆನ್ಸರ್ ಜಾನ್ಸನ್‌ಗೆ 10 ಕೋಟಿ ಸುರಿದದ್ದು.

ಇನ್ನು ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ. ಗಾಯದಿಂದ ಸತತ ಎರಡು ಐಪಿಎಲ್ ತಪ್ಪಿಸಿಕೊಂಡವರಿಗೆ 9.5 ಕೋಟಿ ಕೊಟ್ಟಾಗ ನಾನೂ ನಕ್ಕಿದ್ದೆ. 2025ರಲ್ಲಿ ಅವರು 25 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ತೊಟ್ಟರು. ಆರ್‌ಸಿಬಿ ಕೈಬಿಟ್ಟ ಸಿರಾಜ್ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿಯ ಮೂರು ವಿಕೆಟ್ ಉರುಳಿಸಿದರು (ಆ ರಾತ್ರಿ ನಾನು ಯಾರ ಪರ ಎಂದು ಕೇಳಬೇಡಿ). 2022ರಲ್ಲಿ 20 ಲಕ್ಷಕ್ಕೆ ಸಿಕ್ಕಿದ್ದ ಸಾಯಿ ಸುದರ್ಶನ್ 759 ರನ್ ಹೊಡೆದರು.

ಪ್ರಸಿದ್ಧ ಮತ್ತೆ ಗಾಯಗೊಂಡಿದ್ದರೆ? ಅದೇ ನಿರ್ಧಾರವನ್ನು ಹುಚ್ಚುತನ ಎನ್ನುತ್ತಿದ್ದೆವು. ನಾವು ಸಾಫ್ಟ್‌ವೇರ್‌ನವರು ಒಂದು ರಿಲೀಸ್ ಕೆಟ್ಟಿತೆಂದು ಇಡೀ ವಿನ್ಯಾಸವನ್ನು ಬೈಯುವುದಿಲ್ಲ. ಆಗ ಕೈಯಲ್ಲಿದ್ದ ಮಾಹಿತಿ ಏನೆಂದು ನೋಡುತ್ತೇವೆ. ಕೋಚ್ ನೆಹ್ರಾ ಪಾಲೆಷ್ಟು, ಸೋಲಂಕಿ ಪಾಲೆಷ್ಟು ಎಂಬುದು ಹೊರಗಿನವರಿಗೆ ಕಾಣದು. ಹಾಗಾಗಿ ಒಂದು ಸೀಸನ್ ಅಲ್ಲ, ಎಲ್ಲ ಹರಾಜುಗಳನ್ನೂ ಒಟ್ಟಿಗೆ ತೂಗಬೇಕು.

ಅಂಕ ಕಳೆಯುವುದೇ ಆದರೆ ಮಧ್ಯಮ ಕ್ರಮಾಂಕಕ್ಕೆ ಕಳೆಯಿರಿ. ಮಿಲ್ಲರ್ ಹೋದ ಮೇಲೆ ಅಲ್ಲಿ ಬಲವಿರಲಿಲ್ಲ. ಬಟ್ಲರ್ ದೇಶದ ಪರ ಆಡಲು ಹೊರಟರು, ಎಲಿಮಿನೇಟರ್‌ನಲ್ಲಿ ಮುಂಬೈ ಎದುರು ಸೋತೆವು. ಆ ತೂತು ಹರಾಜಿನ ದಿನವೇ ಕಾಣುತ್ತಿತ್ತು.