ಅಗ್ಗದ ವಿಮೆಯೂ ಅಪರಿಚಿತನ ಹಕ್ಕೂ

ಬೈಕಿನ ವಿಮೆ ಮುಗಿಯುವ ಹೊತ್ತಿಗೆ ಅಗ್ಗದ ದರಕ್ಕಾಗಿ ಅಲೆಯುವುದು ತಪ್ಪಲ್ಲ. ದುಡಿದು ಬದುಕುವ ಕುಟುಂಬಕ್ಕೆ ನೂರು ರೂಪಾಯಿಯೂ ದೊಡ್ಡದೇ. ಆದರೆ ಎಲ್ಲಿ ಹುಡುಕಿದರೆ ಲಾಭ, ಎಲ್ಲಿ ಹುಡುಕುವುದು ವ್ಯರ್ಥ ಎಂಬ ಅರಿವು ಬೇಕು.

1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ; ಅಂದರೆ ನಮ್ಮ ವಾಹನದಿಂದ ಇತರರಿಗಾಗುವ ಹಾನಿಯ ಹೊಣೆ. ಅದರ ದರವನ್ನು ನಿಗದಿಪಡಿಸುವುದು ಸರಕಾರವೇ ಹೊರತು ಕಂಪೆನಿಗಳಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 75 ಸಿಸಿ ಮೀರಿದ, 150 ಸಿಸಿವರೆಗಿನ ಬೈಕಿಗೆ ವಾರ್ಷಿಕ 714 ರೂ.; ತೆರಿಗೆ ಬೇರೆ. ನಿಗದಿತ ದರಕ್ಕಿಂತ ಕಡಿಮೆಗೆ ಮಾಡಿಸಿಕೊಡುವೆನೆನ್ನುವ ದಲ್ಲಾಳಿಯ ಕಾಗದ ನಕಲಿಯೇ ಎಂದು ಶಂಕಿಸಬೇಕು.

ಹೋಲಿಸಿ ನೋಡಬೇಕಾದುದು ಸ್ವಂತ ಬೈಕಿನ ಹಾನಿಗೆ ಮಾಡಿಸುವ ವಿಮೆಯನ್ನು. ಪರಿಹಾರ ಕೇಳದೆ ವರ್ಷಗಳನ್ನು ಕಳೆದವರಿಗೆ ಅದರಲ್ಲಿ ಶೇ. 20ರಿಂದ 50ರವರೆಗೆ ರಿಯಾಯಿತಿಯಿದೆ. ಕಂಪೆನಿ ಬದಲಿಸಿದರೂ ಅದು ಉಳಿಯುತ್ತದೆ. ನವೀಕರಿಸದೆ 90 ದಿನ ದಾಟಿದರೆ ಕೈತಪ್ಪುತ್ತದೆ. ಕಂತು ಇಳಿಸಲೆಂದು ಬೈಕಿನ ಮೌಲ್ಯವನ್ನೇ ಕಡಿಮೆ ತೋರಿಸಿದರೆ, ಕಳವಾದಾಗ ದೊರೆಯುವುದೂ ಅಷ್ಟೇ.

ವಿಮೆಯಿಲ್ಲದೆ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ, ಮೊದಲ ಬಾರಿಗೆ 2,000 ರೂ. ದಂಡ. ನಾವು ಅಂಜಬೇಕಾದುದು ಈ ದಂಡಕ್ಕಲ್ಲ. ನಮ್ಮ ಬೈಕ್ ಬಡಿದು ಒಂದು ಮನೆಯ ಆಧಾರವೇ ಕುಸಿದರೆ, ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮಾಲಕನೇ ತೆರಬೇಕು. ಅವನಲ್ಲಿ ಹಣವಿಲ್ಲದಿದ್ದರೆ ಅನಾಥ ಮಕ್ಕಳ ಹಕ್ಕು ತೀರ್ಪಿನ ಹಾಳೆಯಲ್ಲೇ ಉಳಿಯುತ್ತದೆ. ಉಳಿತಾಯ ಒಳ್ಳೆಯದು; ಆದರೆ ಅದು ಇನ್ನೊಬ್ಬರ ಹಕ್ಕಿನಿಂದ ಆಗಕೂಡದು.