ಅಪಾಯ, ಆತಂಕ ಮತ್ತು ಆಕ್ಷೇಪ

ಒಬ್ಬ ವ್ಯಕ್ತಿಯಾಗಲಿ ಒಂದು ಸಮುದಾಯವಾಗಲಿ ಅಪಾಯವನ್ನು ಎದುರುಗೊಳ್ಳುವ ರೀತಿಯನ್ನು ಸ್ವಭಾವದ ಮಾತೆಂದು ತಿಳಿಯುವುದು ರೂಢಿ. ಉದ್ಯಮಿ ಸಾಹಸಿ, ಸಂಬಳದ ನೌಕರ ಪುಕ್ಕಲ, ರೈತ ಹಳೆಯದಕ್ಕೆ ಜೋತುಬಿದ್ದವನು, ಲೆಕ್ಕದಲ್ಲಿ ತಪ್ಪು ತೋರಿಸುವವನು ಅಡ್ಡಗಾಲು ಹಾಕುವವನು ಎಂಬ ಹಣೆಪಟ್ಟಿಗಳೆಲ್ಲ ಈ ತಿಳಿವಳಿಕೆಯಿಂದಲೇ ಹುಟ್ಟಿದವು. ಆದರೆ ನಷ್ಟವಾದಾಗ ಅದು ಯಾರ ತಲೆಯ ಮೇಲೆ ಬೀಳುತ್ತದೆ, ನಷ್ಟ ತಲೆದೋರುವ ಮೊದಲೇ ಅದರ ಬಗ್ಗೆ ಬಾಯಿಬಿಡುವ ಅವಕಾಶ ಯಾರಿಗಿದೆ ಎಂಬ ಎರಡು ಏರ್ಪಾಡುಗಳನ್ನು ಗಮನಿಸಿದರೆ, ಧೈರ್ಯವೆಂದೂ ಅಂಜಿಕೆಯೆಂದೂ ಕರೆಯಲಾಗುವುದರ ಬಹುಪಾಲು ಈ ಏರ್ಪಾಡುಗಳಿಂದಲೇ ರೂಪುಗೊಂಡದ್ದು ಎಂಬುದು ತಿಳಿದುಬರುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಪಾಯ ಮತ್ತು ಅನಿಶ್ಚಿತತೆಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ಸಂಭವನೀಯತೆಯನ್ನು ಲೆಕ್ಕ ಹಾಕಬಹುದಾದದ್ದು ಅಪಾಯ. ಊರಿನ ಸಾವಿರ ಮನೆಗಳಲ್ಲಿ ವರ್ಷಕ್ಕೆ ಎಷ್ಟಕ್ಕೆ ಬೆಂಕಿ ಬೀಳಬಹುದೆಂದು ವಿಮಾ ಕಂಪನಿ ಅಂದಾಜು ಮಾಡಿ ಕಂತು ಗೊತ್ತುಪಡಿಸುವುದು ಇದಕ್ಕೆ ಉದಾಹರಣೆ. ಹಿಂದಿನ ಅಂಕಿಅಂಶಗಳಿಂದ ಅಳೆಯಲಾಗದ್ದು ಅನಿಶ್ಚಿತತೆ. ಲಾಭವೆಂಬುದು ಈ ಎರಡನೆಯದನ್ನು ಹೊತ್ತವರಿಗೆ ಸಲ್ಲುವ ಪ್ರತಿಫಲವೆಂದು ನೈಟ್ ವಾದಿಸಿದರು. ವಾದ ಬಲವಾದದ್ದೇ ಹೌದು, ಆದರೆ ಅನಿಶ್ಚಿತತೆಯನ್ನು ಹೊತ್ತವರಿಗೆಲ್ಲ ಪ್ರತಿಫಲ ಸಿಗುತ್ತದೆಯೇ ಎಂದು ಕೇಳಿದರೆ ಮಳೆಯಾಶ್ರಿತ ಬೇಸಾಯಗಾರ ಮೊದಲು ನೆನಪಾಗುತ್ತಾನೆ.

ಕೋಲಾರ, ತುಮಕೂರು, ರಾಮನಗರದ ಕಡೆಯ ಹೊಲಗಳಲ್ಲಿ ರಾಗಿಯ ಕೆಲವು ಸಾಲುಗಳ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳಿಗೆ ಒಂದೊಂದು ಸಾಲು ಬಿಟ್ಟು ಬಿತ್ತುವ ಪದ್ಧತಿಯಿದೆ. ಇದನ್ನು ಅಕ್ಕಡಿ ಸಾಲು ಎನ್ನುತ್ತಾರೆ. ರಾಗಿ ತೆನೆಗಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಹಿಂಗಾರಿನ ತುಂತುರಿಗೆ, ಚಳಿಯ ಇಬ್ಬನಿಗೆ ಅವರೆ ಹೂ ಕಚ್ಚುತ್ತದೆ. ತೊಗರಿ ಆಳಕ್ಕೆ ಬೇರು ಬಿಟ್ಟು ಇನ್ನೂ ತಡವಾಗಿ ಕೊಯ್ಲಿಗೆ ಬರುತ್ತದೆ. ಕಾಳು ಕೈಗೆ ಹತ್ತದ ವರ್ಷವೂ ರಾಗಿಹುಲ್ಲು ದನಗಳ ಹೊಟ್ಟೆಗಾಗುತ್ತದೆ. ಹುಳು ಹಿಡಿಯದೆ ವರ್ಷಗಟ್ಟಲೆ ಕೆಡದಿರುವ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದಡಿ ತೋಡಿದ ಕಣಜದಲ್ಲಿ, ತುಂಬಿಡುತ್ತಿದ್ದುದೂ ಇದೇ ಲೆಕ್ಕಾಚಾರದ ಮುಂದುವರಿಕೆ. ಇಡೀ ಹೊಲಕ್ಕೆ ಒಂದೇ ಬೆಳೆಯಿಟ್ಟಿದ್ದರೆ ಒಳ್ಳೆಯ ವರ್ಷದಲ್ಲಿ ಹೆಚ್ಚು ಹಣ ಕಾಣಬಹುದಿತ್ತು ಎಂಬುದು ಆ ರೈತನಿಗೆ ತಿಳಿಯದ ಸಂಗತಿಯಲ್ಲ. ಕೆಟ್ಟ ವರ್ಷದ ಭಾರವನ್ನು ಹಂಚಿಕೊಳ್ಳುವವರು ಯಾರೂ ಇಲ್ಲದ ಕಡೆ ಒಂದಿಷ್ಟು ಲಾಭವನ್ನು ಬಿಟ್ಟುಕೊಟ್ಟು ಭದ್ರತೆಯನ್ನು ಕೊಂಡುಕೊಳ್ಳುವುದು ಅಂಜಿಕೆಯೆನಿಸುವುದಿಲ್ಲ. ಅದು ತಲೆಮಾರುಗಳ ಆತಂಕ ಬೇಸಾಯಕ್ರಮವಾಗಿ ಮಾಗಿದ ರೂಪ.

ಉದ್ಯಮದ ಧೈರ್ಯಕ್ಕಾದರೋ ಕಾನೂನಿನ ಆಸರೆಯಿದೆ. ಇಂಗ್ಲೆಂಡಿನಲ್ಲಿ 1855ರಲ್ಲೂ ಭಾರತದಲ್ಲಿ 1857ರಲ್ಲೂ ಕಂಪನಿಗಳಿಗೆ ಸೀಮಿತ ಹೊಣೆಗಾರಿಕೆಯ ಸೌಲಭ್ಯ ದೊರೆಯಿತು. ಕಂಪನಿ ಮುಳುಗಿದರೆ ಷೇರುದಾರ ತಾನು ಹೂಡಿದ ಹಣವನ್ನು ಕಳೆದುಕೊಳ್ಳುತ್ತಾನೆಯೇ ಹೊರತು ಅವನ ಮನೆ, ಹೆಂಡತಿಯ ಒಡವೆಗಳಿಗೆ ಸಾಲ ಕೊಟ್ಟವರು ಕೈಹಾಕುವಂತಿಲ್ಲ ಎಂಬುದು ಇದರ ಸಾರ. ಸಣ್ಣ ಉದ್ದಿಮೆದಾರರಿಂದ ಬ್ಯಾಂಕುಗಳು ವೈಯಕ್ತಿಕ ಜಾಮೀನು ಬರೆಸಿಕೊಳ್ಳುವುದರಿಂದ ಅವರ ಪಾಲಿಗೆ ಈ ರಕ್ಷಣೆ ಬಹಳಷ್ಟು ಸೊರಗುತ್ತದೆ ಎಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ಹಾಗಿದ್ದರೂ ಬಂಡವಾಳದಾರರ ಹಣದಿಂದ ನವೋದ್ಯಮ ಕಟ್ಟಿ ಅದು ಮುಚ್ಚಿದ ಮೇಲೆ ಇನ್ನೊಂದನ್ನು ಆರಂಭಿಸುವವನ ಸೋಲಿಗೂ, ಜಮೀನು ಅಡವಿಟ್ಟು ಕೊರೆಸಿದ ಬೋರ್‌ವೆಲ್‌ನಲ್ಲಿ ನೀರು ಬೀಳದ ರೈತನ ಸೋಲಿಗೂ ಒಂದೇ ಅಳತೆಗೋಲು ಹಿಡಿದು, ಮೊದಲನೆಯವನನ್ನು ಧೀರನೆಂದು ಹೊಗಳಿ ಎರಡನೆಯವನಿಗೆ ವಿವೇಕವಿರಲಿಲ್ಲವೆನ್ನುವುದು ಅನ್ಯಾಯ. ರೈತನಿಗಾಗಿ ರೂಪಿಸಿದ ವಿಮೆಯಲ್ಲೂ ಇದೇ ಅಂತರ ಉಳಿದಿದೆ. 2016ರಲ್ಲಿ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತ ಕಟ್ಟಬೇಕಾದ ಕಂತು ವಿಮಾ ಮೊತ್ತದ ಶೇ. 2ರಷ್ಟು ಮಾತ್ರವೆಂಬುದು ಮೆಚ್ಚತಕ್ಕದ್ದೇ. ಆದರೆ ಸಾಮಾನ್ಯವಾಗಿ ನಷ್ಟವನ್ನು ಗ್ರಾಮ ಪಂಚಾಯಿತಿಯಂಥ ಒಂದು ಘಟಕದ ಕೆಲವು ತಾಕುಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದಿಂದ ಅಳೆಯುವುದರಿಂದ, ಸುತ್ತಲಿನ ಇಳುವರಿ ಸರಾಸರಿಯಲ್ಲಿ ಸರಿಯಾಗಿದ್ದು ತನ್ನ ಹೊಲವೊಂದೇ ಒಣಗಿದಾಗ ಅವನಿಗೆ ಪರಿಹಾರ ಸಿಗದೆ ಹೋಗಬಹುದು.

ಏರ್ಪಾಡುಗಳೇ ಎಲ್ಲವೂ ಅಲ್ಲ, ಮನಸ್ಸಿಗೂ ಅದರದೇ ಆದ ಒಲವಿದೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಸಾವಿರ ರೂಪಾಯಿ ಕಳೆದುಕೊಂಡ ನೋವು ಸಾವಿರ ರೂಪಾಯಿ ಗಳಿಸಿದ ಸಂತೋಷಕ್ಕಿಂತ ತೀವ್ರವಾದದ್ದು. ಅದೇ ಸಿದ್ಧಾಂತ ಹೇಳುವಂತೆ, ನಷ್ಟದಲ್ಲಿರುವವರು ಅದನ್ನು ಒಪ್ಪಿಕೊಂಡು ಹೊರಬರುವ ಬದಲು, ಕಳೆದದ್ದನ್ನು ಮರಳಿ ಪಡೆಯುವ ಆಸೆಯಿಂದ ಮೊದಲಿಗಿಂತ ದೊಡ್ಡ ಅಪಾಯಕ್ಕೆ ಕೈಹಾಕುತ್ತಾರೆ. ಮರ್ಯಾದೆಯ ನಷ್ಟಕ್ಕೂ ಈ ಮಾತನ್ನು ವಿಸ್ತರಿಸಬಹುದೆನಿಸುತ್ತದೆ. ತನ್ನ ಯೋಜನೆಯಲ್ಲಿ ಲೋಪವಿದೆ ಎಂದು ನಾಲ್ಕು ಜನರೆದುರು ಕೇಳಿಸಿಕೊಂಡವನಿಗೆ ಆ ಎಚ್ಚರಿಕೆಯ ಪ್ರಯೋಜನ ದೂರದ್ದು, ಅವಮಾನ ಆ ಕ್ಷಣದ್ದು. ಆದ್ದರಿಂದಲೇ ಆಕ್ಷೇಪವನ್ನು ಪರಿಶೀಲಿಸುವುದಕ್ಕಿಂತ ಆಕ್ಷೇಪಿಸಿದವನ ಉದ್ದೇಶವನ್ನು ಶಂಕಿಸುವುದು ಸುಲಭವಾಗುತ್ತದೆ. ಮನೆಗಳಲ್ಲಿ ಕೆಡುಕಿನ ಮಾತು ಬಂದೊಡನೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವ ವಾಡಿಕೆಯ ಹಿಂದೆ ಪ್ರೀತಿಯೇ ಇರುತ್ತದೆ, ನಿಜ. ಆದರೆ ಜಾಮೀನಿಗೆ ಸಹಿ ಹಾಕುವ ಮುನ್ನ, ನಿವೃತ್ತಿಯ ಹಣವನ್ನು ಹೆಚ್ಚಿನ ಬಡ್ಡಿಯ ಆಸೆಗೆ ಒಂದೇ ಕಡೆ ಇಡುವ ಮುನ್ನ ಆಡಲೇಬೇಕಾದ ಮಾತುಗಳೂ ಆ ವಾಡಿಕೆಯಲ್ಲಿ ಅಪಶಕುನವಾಗಿಬಿಡುತ್ತವೆ. ಆಡಲಾಗದ ಆತಂಕ ಕರಗದೆ ಒಬ್ಬರ ನಿದ್ದೆಗೆಡಿಸುತ್ತ ಉಳಿಯುತ್ತದೆ.

ಸಂಸ್ಥೆಗಳಲ್ಲಿ ಇದರ ಬೆಲೆ ಇನ್ನೂ ದೊಡ್ಡದು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಉಂಗುರಗಳು ಚಳಿಗೆ ಗಡುಸಾಗಿ ಬಿಸಿ ಅನಿಲವನ್ನು ತಡೆಯಲಾರವೆಂದು ಅವುಗಳನ್ನು ಬಲ್ಲ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಉಡಾವಣೆಯನ್ನು ವಿರೋಧಿಸಿದ್ದರು. ಸುರಕ್ಷಿತವೆಂದು ಸಾಬೀತುಪಡಿಸುವ ಹೊಣೆ ಉಡಾಯಿಸುವವರ ಮೇಲಿರಬೇಕಿತ್ತು. ಆ ರಾತ್ರಿ ಅಸುರಕ್ಷಿತವೆಂದು ಸಾಬೀತುಪಡಿಸುವ ಹೊಣೆ ಆಕ್ಷೇಪಿಸಿದವರ ಮೇಲೆ ಬಿತ್ತು. ಕೈಯಲ್ಲಿದ್ದ ಅಲ್ಪ ಮಾಹಿತಿಯಿಂದ ಅವರಿಗೆ ಅದನ್ನು ಸಾಧಿಸಲಾಗಲಿಲ್ಲ.

ಇದಕ್ಕೆ ಸುಮಾರು ಆರೂವರೆ ವರ್ಷ ಮುಂಚೆ, 1979ರ ಆಗಸ್ಟ್ 10ರಂದು, ಶ್ರೀಹರಿಕೋಟಾದಿಂದ ಹಾರಿದ ಭಾರತದ ಮೊದಲ ಎಸ್‌ಎಲ್‌ವಿ-3 ವಾಹನ ಬಂಗಾಳ ಕೊಲ್ಲಿಗೆ ಬಿದ್ದಿತು. ಉಡಾವಣೆಗೆ ಮುನ್ನ ಗಣಕಯಂತ್ರ ಕಾರ್ಯವನ್ನು ತಡೆಹಿಡಿದಿತ್ತೆಂದೂ ತಜ್ಞರ ಸಲಹೆಯ ಮೇಲೆ ಆ ತಡೆಯನ್ನು ಮೀರಿ ಮುಂದುವರಿಯಲು ತೀರ್ಮಾನಿಸಿದ್ದು ತಾನೇ ಎಂದೂ ಯೋಜನಾ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಮುಂದೆ ಮರೆಮಾಚದೆ ಹೇಳಿದ್ದಾರೆ. ಅಂದು ಪತ್ರಕರ್ತರೆದುರು ಕುಳಿತು ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ಮುಂದಿನ ಪ್ರಯತ್ನದಲ್ಲಿ, 1980ರ ಜುಲೈ 18ರಂದು, ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಅವರು ಕಲಾಂ ಅವರನ್ನೇ ಪತ್ರಕರ್ತರ ಮುಂದೆ ಕಳುಹಿಸಿದರು. ಈ ಪ್ರಸಂಗವನ್ನು ಧವನ್ ಅವರ ಔದಾರ್ಯದ ಕಥೆಯಾಗಿ ಹೇಳುವುದೇ ಹೆಚ್ಚು. ಅದರಲ್ಲಿ ಔದಾರ್ಯಕ್ಕಿಂತ ಗಟ್ಟಿಯಾದ ಆಡಳಿತ ತತ್ತ್ವವೊಂದಿದೆ: ಹೊರಗಿನ ನಿಂದೆಯನ್ನು ಮೇಲಿನವರು ತಡೆದುಕೊಂಡರೆ ಮಾತ್ರ ಕೆಳಗಿನವರು ಯಾವ ಕವಾಟ ಸೋರಿತು, ಯಾರ ಅಂದಾಜು ತಪ್ಪಿತು ಎಂಬುದನ್ನು ಕೆಲಸ ಕಳೆದುಕೊಳ್ಳುವ ಭಯವಿಲ್ಲದೆ ಮುಂದಿಡಬಲ್ಲರು. ಮುಂದಿನ ಉಡಾವಣಾ ವಾಹನಗಳಾದ ಎಎಸ್‌ಎಲ್‌ವಿ 1987 ಮತ್ತು 1988ರಲ್ಲಿ, ಪಿಎಸ್‌ಎಲ್‌ವಿ 1993ರಲ್ಲಿ ಮೊದಲ ಹಾರಾಟಗಳಲ್ಲಿ ಸೋತರೂ ಆ ಕಾರ್ಯಕ್ರಮಗಳು ನಿಲ್ಲದೆ ಸಾಗಿದವು.

ಸಾಮಾನ್ಯ ಜನರ ಉಳಿತಾಯದ ವಿಷಯದಲ್ಲಿ ಇಂಥ ಏರ್ಪಾಡು ಇನ್ನೂ ದುರ್ಬಲವಾಗಿದೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ತಮ್ಮದೇ ಹಣದಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅದರ ಮರುತಿಂಗಳು ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೇರಿತು, 2021ರ ತಿದ್ದುಪಡಿಯಿಂದ ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ 90 ದಿನಗಳೊಳಗೆ ಸೇರಬೇಕೆಂಬ ನಿಯಮವೂ ಬಂತು. ನಷ್ಟ ಹಂಚಿಕೆಯ ದಾರಿ ಹೀಗೆ ಸುಧಾರಿಸಿತಾದರೂ ಆಕ್ಷೇಪದ ದಾರಿ ಹಾಗೆಯೇ ಇದೆ. ಸಹಕಾರ ಸಂಘಗಳ ಎಷ್ಟೋ ವಾರ್ಷಿಕ ಮಹಾಸಭೆಗಳಲ್ಲಿ ಲೆಕ್ಕಪರಿಶೋಧನಾ ವರದಿಯನ್ನು ಓದಿದಂತೆ ಮಾಡಿ, ಚಪ್ಪಾಳೆಯ ನಡುವೆ ಅಂಗೀಕರಿಸಿ, ಊಟಕ್ಕೆ ಏಳುವುದು ನಡೆದುಬಂದಿದೆ. ಎದ್ದುನಿಂತು ಪ್ರಶ್ನಿಸಿದ ಸದಸ್ಯನನ್ನು ಸುತ್ತಲಿನವರೇ ಕೂರಿಸುತ್ತಾರೆ. ವಸೂಲಾಗದ ಸಾಲದ ಮೊತ್ತವೆಷ್ಟು, ದೊಡ್ಡ ಸಾಲಗಳಿಗೆ ಯಾವ ಆಸ್ತಿ ಅಡಮಾನವಾಗಿದೆ ಎಂಬ ಪ್ರಶ್ನೆಗಳನ್ನೂ ಆಡಳಿತ ಮಂಡಳಿಯ ಉತ್ತರಗಳನ್ನೂ ಅಕ್ಷರಶಃ ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಸಭೆಗೆ ಬರಲಾಗದ ಠೇವಣಿದಾರರಿಗೂ ಅದರ ಪ್ರತಿ ತಲುಪಿಸಬೇಕೆಂದು ವಿಧಿಸುವುದಕ್ಕೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.